ವೈರ್ ಹಾಕಿದವರ ಕೈ

ನಿಧಾನಣ್ಣನಿಗೆ ಆ ಹೆಸರಿಟ್ಟವರು ಯಾರೋ ಏನೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ರೇಷನ್ ಕಾರ್ಡಿನಲ್ಲೋ ಎಲ್ಲೋ ತನ್ನ ಪಾಡಿಗೆ ಬಿದ್ದಿತ್ತು. ಕಾರ್ಖಾನೆಗೆ ಹೊಸ ಯಂತ್ರ ಬಂದರೆ ಅದರ ಮೋಟಾರುಗಳು ಎಲ್ಲಿಂದ ಹೊರಡಬೇಕು, ಎಷ್ಟು ಜೋರಾಗಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಕಂಟ್ರೋಲರ್ ಎಂಬ ಪೆಟ್ಟಿಗೆಯೊಳಗೆ ಬರೆದು ಕೂರಿಸುವುದು ಅವನ ಕಸುಬು. ಬೇರೆಯವರು ಎರಡು ದಿನದಲ್ಲಿ ಮುಗಿಸಿ ಕೈತೊಳೆದುಕೊಳ್ಳುವ ಕೆಲಸಕ್ಕೆ ಇವನಿಗೆ ನಾಲ್ಕು ದಿನ ಬೇಕು. ಯಜಮಾನರುಗಳು ಹಲ್ಲು ಕಡಿಯುತ್ತಿದ್ದರು. ಇವನು ಸ್ಕ್ರೂಡ್ರೈವರಿನ ತುದಿಯನ್ನು ಅಂಗಿಗೆ ಒರೆಸಿಕೊಂಡು "ನಿಧಾನವೇ ಪ್ರಧಾನ" ಅನ್ನುತ್ತಿದ್ದ. ಕೊನೆಗೆ ಗಾದೆಯ ಅರ್ಧವನ್ನು ಅವನಿಗೇ ಅಂಟಿಸಿದರು.

ನಿಧಾನ ಅಂದರೆ ಸೋಮಾರಿತನ ಅಂದುಕೊಳ್ಳಬೇಡಿ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಹೋದ ವರ್ಷ ನಿಲ್ಲಿಸಿದ ಯಂತ್ರವನ್ನೇ ತೆಗೆದುಕೊಳ್ಳಿ. ಅದಕ್ಕೆ ನಾಲ್ಕು ಮೋಟಾರು. ಒಂದು ಮೇಜನ್ನು ಎಡಕ್ಕೂ ಬಲಕ್ಕೂ ಒಯ್ಯುತ್ತದೆ, ಇನ್ನೊಂದು ಹಿಂದಕ್ಕೂ ಮುಂದಕ್ಕೂ. ಮೂರನೆಯದು ಉಕ್ಕಿನ ಪಟ್ಟಿಯೊಂದನ್ನು ತಳ್ಳಿಕೊಂಡು ಬಂದು ರಟ್ಟಿನ ಹಾಳೆಯನ್ನು ಗೆರೆಗೆ ಸರಿಯಾಗಿ ನಿಲ್ಲಿಸುತ್ತದೆ. ನಾಲ್ಕನೆಯದು ಚಾಕುವನ್ನು ಇಳಿಸಿ ಎತ್ತುತ್ತದೆ. ನಾಲ್ವರೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಒಬ್ಬ ತಾಳ ತಪ್ಪಿದರೆ ಉಳಿದವರ ಕೆಲಸವೂ ಕೆಟ್ಟಿತು. ನಿಧಾನಣ್ಣ ಮೊದಲು ನಾಲ್ಕನ್ನೂ ಯಂತ್ರದಿಂದ ಬಿಡಿಸಿ ಬರಿದಾಗಿ ತಿರುಗಿಸುತ್ತಿದ್ದ. ಪ್ರತಿ ಮೋಟಾರಿನ ಬೆನ್ನಿಗೂ ಎಷ್ಟು ತಿರುಗಿತು ಎಂದು ಎಣಿಸಿ ಹೇಳುವ ಎನ್‌ಕೋಡರ್ ಕೂತಿರುತ್ತದೆ. ಮೋಟಾರಿನ ದಂಡವನ್ನು ಕೈಯಿಂದಲೇ ಮುಂದಕ್ಕೆ ತಿರುಗಿಸಿದರೆ ಪರದೆಯ ಮೇಲಿನ ಅಂಕಿ ಏರಬೇಕು, ಹಿಂದಕ್ಕೆ ತಿರುಗಿಸಿದರೆ ಇಳಿಯಬೇಕು. ಅದು ಉಲ್ಟಾ ಆಗಿದ್ದರೆ ಮುಗಿಯಿತು ಕಥೆ. ಮೋಟಾರು ಮುಂದೆ ಹೋಗುತ್ತಿರುತ್ತದೆ, ಎಣಿಸುವವನು "ಹಿಂದೆ ಬಂದಿದ್ದೀ, ಇನ್ನೂ ಓಡು" ಅನ್ನುತ್ತಾನೆ. ಅದು ಇನ್ನಷ್ಟು ಓಡುತ್ತದೆ, ಎಲ್ಲೋ ಬಡಿಯುವ ತನಕ.

ಅವನಿಗೆ ಕೆಲಸ ಕಲಿಸಿದ ಗುರು ಎಡಗೈಯಲ್ಲಿ ಮೂರೇ ಬೆರಳಿದ್ದ ಮುದುಕ. ಆ ಮುದುಕನಿಂದ ಬಂದ ನಿಯಮಗಳು ಎರಡು. ಒಂದು, ಯಂತ್ರದ ಮೊದಲ ಓಟಕ್ಕೆ ವೈರ್ ಹಾಕಿದವನ ಕೈಯೇ ಒಳಗಿರಬೇಕು. ನಾಳೆ ಕೆಲಸಗಾರರ ಕೈ ಎಲ್ಲಿ ಇರುತ್ತದೋ ಅಲ್ಲೇ ಇಡಬೇಕು, ಗುಂಡಿಯನ್ನು ಬೇರೆಯವರು ಒತ್ತಬೇಕು. ಎರಡು, ತಪ್ಪನ್ನು ಸೇವ್ ಮಾಡಬಾರದು. ಕಂಟ್ರೋಲರಿಗೆ ಹೇಳಿದ್ದೆಲ್ಲ ಕರೆಂಟ್ ಇರುವ ತನಕ ಮಾತ್ರ ಅದರ ನೆನಪಿನಲ್ಲಿರುತ್ತದೆ. ಸೇವ್ ಒತ್ತಿದರಷ್ಟೇ ಅದು ಉಳಿಯುವುದು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಹಳೆಯದನ್ನೇ ಮತ್ತೆ ಹಿಡಿದುಕೊಳ್ಳುತ್ತದೆ. ಎಲ್ಲವೂ ಸರಿಯಿದೆ ಎಂದು ಮನಸ್ಸಿಗೆ ಬಂದ ಮೇಲೆ ಮಾತ್ರ ನಿಧಾನಣ್ಣ ಸೇವ್ ಒತ್ತುತ್ತಿದ್ದ. ಅವನ ಮಟ್ಟಿಗೆ ಅದು ರುಜು ಹಾಕಿದ ಹಾಗೆ.

ಆ ಯಂತ್ರಕ್ಕೆ ಹಾಳೆ ಕೊಡುತ್ತಿದ್ದವಳು ಅವನ ನಾದಿನಿ. ಅವನಿಗೆ ಮದುವೆಯಾದಾಗ ಅವಳು ಏಳು ವರ್ಷದ ಹುಡುಗಿ. ಅಕ್ಕನ ಸೆರಗು ಹಿಡಿದುಕೊಂಡೇ ಈ ಮನೆಗೆ ಬಂದವಳು ಇಲ್ಲೇ ಬೆಳೆದಳು. ಅವಳಿಗೆ ಮಗ್ಗಿ ಹೇಳಿಕೊಟ್ಟಿದ್ದು, ಸೈಕಲ್ ಕಲಿಸಿದ್ದು ಎಲ್ಲ ಈ ಭಾವನೇ. ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದ್ದೂ ಅವನೇ. "ನನ್ನ ಕೈಯಿಂದ ಕಟ್ಟಿದ ಯಂತ್ರ, ಅದರ ಮುಂದೆ ನಿಂತ್ಕೊ ಮರಿ, ಬೇರೆ ಕಡೆ ಬೇಡ" ಅಂದಿದ್ದ. ಎಡಗೈಯಲ್ಲಿ ಹಾಳೆ ಹಿಡಿದು ಪಟ್ಟಿಯ ಮುಂದೆ ಇಡಬೇಕು. ದೀಪ ಕೆಂಪಿನಿಂದ ಹಸಿರಾದ ಮೇಲೆ ಬಲಗೈಯಿಂದ ಗುಂಡಿ ಒತ್ತಬೇಕು. ಪಟ್ಟಿ ಬಂದು ಅವಳ ಬೆರಳಿಗಿಂತ ಒಂದಿಂಚು ಹಿಂದೆ ನಿಲ್ಲುತ್ತದೆ. ದಿನಕ್ಕೆ ಸಾವಿರ ಸಲ ಅಷ್ಟೇ ಕೆಲಸ. ಸಾವಿರ ಸಲವೂ ಅದು ಒಂದಿಂಚು ಹಿಂದೆಯೇ ನಿಲ್ಲುತ್ತಿತ್ತು.

ಇನ್ನು ಕಣ್ಣಿನ ವಿಷಯ. ನಿಧಾನಣ್ಣನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವಳು. ಆರು ತಿಂಗಳ ಹಿಂದೆ ಹಸಿರು ದಾರ ತನ್ನಿ ಎಂದು ಕಳಿಸಿದರೆ ಇವನು ನೀಲಿ ದಾರದ ಉಂಡೆ ತಂದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂಗಡಿಯಲ್ಲಿ ಬೆಳಕು ಸಾಲದು ಎಂದು ಇವನು ತಿಪ್ಪೆ ಸಾರಿಸಿದ. ಮಾರನೆಯ ವಾರ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ. ಕಣ್ಣಿನ ನರ ಸೊರಗಿದೆ, ಅಕ್ಷರ ಇನ್ನೂ ಹಲವು ವರ್ಷ ಕಾಣುತ್ತದೆ, ಬಣ್ಣಗಳು ಮಾತ್ರ ಹೀಗೇ ಬಾಡುತ್ತ ಹೋಗುತ್ತವೆ, ಇದಕ್ಕೆ ಆಪರೇಷನ್ ಗೀಪರೇಷನ್ ಏನೂ ಇಲ್ಲ ಎಂದು ಆ ಡಾಕ್ಟರಮ್ಮ ಮೆತ್ತಗೆ ಹೇಳಿದರು. ಇವನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಟೂಲ್ ಪೆಟ್ಟಿಗೆಯ ತಳಕ್ಕೆ ತುರುಕಿದ. ಬಣ್ಣ ಗೊತ್ತಾಗದ ವೈರಿನವನು ಅಂದರೆ ರುಚಿ ಗೊತ್ತಾಗದ ಅಡುಗೆಯವನು. ನಾಲಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡು ಓಡಾಡಿದ. ಅಲ್ಲ, ಕಟ್ಟಿಕೊಂಡ ಹೆಂಡತಿಗಾದರೂ ಹೇಳಬಾರದೇ? ಹೇಳಲಿಲ್ಲ. ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ.

ಒಂದು ಸೋಮವಾರ ಪೆಟ್ಟಿಗೆ ಕಾರ್ಖಾನೆಯಿಂದ ಫೋನ್ ಬಂತು. ಮೂರನೆಯ ಮೋಟಾರಿನ ಎನ್‌ಕೋಡರಿನ ಕೇಬಲ್ ಸವೆದು ಕಿತ್ತಿದೆ, ಬಂದು ಬದಲಾಯಿಸು ಅಂದರು. ಹೊಸ ಕೇಬಲ್ಲಿನೊಳಗೆ ಎಂಟು ಸಣ್ಣ ವೈರುಗಳು, ಶಾವಿಗೆ ಎಳೆಯಂಥವು. ಅದರಲ್ಲಿ ನೀಲಿ ಯಾವುದು, ಹಸಿರು ಯಾವುದು? ನಿಧಾನಣ್ಣ ಕಂಟ್ರೋಲರ್ ಇರುವ ಪ್ಯಾನೆಲ್ಲಿನೊಳಗೆ ತಲೆ ತೂರಿಸಿ, ಬ್ಯಾಟರಿ ಬೆಳಕನ್ನು ಆ ಕಡೆಯಿಂದ ಈ ಕಡೆಯಿಂದ ಬಿಟ್ಟು ನೋಡಿದ. ಎರಡೂ ಒಗೆದು ಒಗೆದು ಬಣ್ಣ ಹೋದ ಬಟ್ಟೆಯ ಹಾಗೆ ಕಂಡವು. ಯಜಮಾನ ಬೆನ್ನ ಹಿಂದೆಯೇ ನಿಂತು ಲಾರಿ ಕಾಯುತ್ತಿದೆ, ಲಾರಿ ಕಾಯುತ್ತಿದೆ ಎಂದು ಜಪ ಮಾಡುತ್ತಿದ್ದ. ಇವನು ಅಂದಾಜಿನ ಮೇಲೆ ಜೋಡಿಸಿದ. ಆಮೇಲೆ ತನ್ನ ಪದ್ಧತಿಯಂತೆ ದಂಡವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದ. ಅಂಕಿ ಇಳಿಯಿತು.

ಉಲ್ಟಾ. ವೈರುಗಳನ್ನು ಬಿಚ್ಚಿ ಅದಲು ಬದಲು ಮಾಡಬೇಕಿತ್ತು. ಆದರೆ ಯಾವುದನ್ನು ಯಾವುದರ ಜೊತೆ? ಮೀಟರ್ ಹಿಡಿದು ಎರಡೂ ತುದಿಯಲ್ಲಿ ಒಂದೊಂದೇ ಎಳೆ ಹುಡುಕಬಹುದಿತ್ತು, ಅದಕ್ಕೆ ಗಂಟೆ ಎರಡು ಗಂಟೆ ಬೇಕು. ಯಾಕಯ್ಯ ಬಣ್ಣ ನೋಡಿ ಹಾಕೋಕಾಗಲ್ವಾ ಎಂದು ಯಜಮಾನ ಕೇಳಿದರೆ ಉತ್ತರ ಬೇಕು. ಇನ್ನೊಂದು ಅಡ್ಡದಾರಿ ಇತ್ತು. ಕಂಟ್ರೋಲರಿನಲ್ಲಿ ಮೂರನೆಯ ಮೋಟಾರಿನ ಎಣಿಕೆಗೆ ಪ್ಲಸ್ ಇದ್ದದ್ದನ್ನು ಮೈನಸ್ ಮಾಡಿದರೆ ಉಲ್ಟಾದ ಉಲ್ಟಾ ಸರಿಯಾಗುತ್ತದೆ. ಹಾಗೇ ಮಾಡಿದ. ಕೈ ಒಳಗಿಟ್ಟ, ನಾದಿನಿ ಗುಂಡಿ ಒತ್ತಿದಳು, ಪಟ್ಟಿ ಬಂದು ಒಂದಿಂಚು ಹಿಂದೆ ನಿಂತಿತು. ಸೇವ್ ಮಾತ್ರ ಒತ್ತಲಿಲ್ಲ. ಇದು ತಪ್ಪಿನ ಮೇಲೆ ಹಾಕಿದ ತೇಪೆ, ತೇಪೆಗೆ ರುಜು ಹಾಕುವುದು ಹೇಗೆ? ನಾಳೆ ಬೆಳಗ್ಗೆ ಬಂದು ವೈರನ್ನೇ ಸರಿಮಾಡಿದರಾಯಿತು ಅಂದುಕೊಂಡ. ಆ ಕಾರ್ಖಾನೆಯಲ್ಲಿ ಕಂಟ್ರೋಲರಿನ ಕರೆಂಟನ್ನು ಯಾರೂ ಆರಿಸುತ್ತಿರಲಿಲ್ಲ, ಹಗಲೂ ರಾತ್ರಿ ಉರಿಯುತ್ತಲೇ ಇರುತ್ತಿತ್ತು. ಒಂದು ದಿನದ ಮಾತು ತಾನೇ.

ನಾಳೆ ಇನ್ನೊಂದು ಕಾರ್ಖಾನೆಯವರು ಹಿಡಿದುಕೊಂಡರು. ನಾಡಿದ್ದು ಮೈ ಸರಿಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮೈ ಸರಿಯಾಗೇ ಇತ್ತು, ಆ ಎಂಟು ಎಳೆಗಳ ಮುಂದೆ ಮತ್ತೆ ಕೂರುವ ಧೈರ್ಯ ಇರಲಿಲ್ಲ.

ಗುರುವಾರ ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದ. ಪಕ್ಕದ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಗರಗರ ಅನ್ನುತ್ತಿದ್ದದ್ದು ಹೊಲಿಗೆಯ ಮಧ್ಯದಲ್ಲೇ ನಿಂತಿತು. ಹಾಳಾದ ಕರೆಂಟು ಎಂದು ಅವಳು ಗೊಣಗಿದಳು. ಇವನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಕೈ ತೊಳೆಯದೆ ಫೋನ್ ಹಿಡಿದ. ಕೆಲಸದವರ ಫೋನುಗಳೆಲ್ಲ ಬೀರುವಿನಲ್ಲಿರುತ್ತವೆ, ನಾದಿನಿಯದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಯಜಮಾನನದು ಬೇರೆ ಕರೆಯಲ್ಲಿ. ಚಪ್ಪಲಿ ಸಿಕ್ಕಿಸಿಕೊಂಡು ಓಡಿದ. ಜನ್ಮದಲ್ಲಿ ಓಡದವನು ಓಡುತ್ತಿದ್ದಾನೆ ಎಂದು ಬೀದಿಯವರು ತಿರುಗಿ ನೋಡಿದರು. ಇಸ್ತ್ರಿ ಅಂಗಡಿಯವನು ನಿಧಾನಣ್ಣ, ನಿಧಾನ ಎಂದು ತಮಾಷೆ ಮಾಡಿದ. ವೃತ್ತದಲ್ಲಿ ಸಿಗ್ನಲ್ ಸತ್ತು ಗಾಡಿಗಳೆಲ್ಲ ಒಂದರ ಮೂತಿಗೆ ಒಂದು ನುಗ್ಗಿ ನಿಂತಿದ್ದವು. ಅವುಗಳ ಸಂದಿಯಲ್ಲಿ ನುಸುಳಿದ. ಕರೆಂಟ್ ಬರಬೇಡ, ಬರಬೇಡ ಎಂದು ಬೇಡಿಕೊಳ್ಳುತ್ತ ಕಾರ್ಖಾನೆಯ ಗೇಟು ಮುಟ್ಟಿದ. ಅಷ್ಟರಲ್ಲಿ ಒಳಗೆ ಫ್ಯಾನುಗಳು ತಿರುಗತೊಡಗಿದವು. ಅಂಗಳದ ಅರ್ಧ ದಾಟಿದ್ದ, ಉಕ್ಕಿಗೆ ಉಕ್ಕು ಬಡಿದ ಸದ್ದು ಕೇಳಿಸಿತು. ಅದರ ಹಿಂದೆಯೇ ನಾದಿನಿಯ ಕೂಗು.

ಎಣಿಕೆ ತಪ್ಪಿದರೆ ಮೋಟಾರನ್ನು ನಿಲ್ಲಿಸುವ ಏರ್ಪಾಡು ಇತ್ತು, ಇಲ್ಲ ಅಂತಲ್ಲ. ಅದು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಪಟ್ಟಿ ಒಂದು ಗೇಣು ಮುಂದೆ ಓಡಿತ್ತು. ಅವಳು ಕೈ ಎಳೆದುಕೊಂಡಿದ್ದಳು, ಪೂರ್ತಿ ಎಳೆದುಕೊಳ್ಳಲು ಆಗಿರಲಿಲ್ಲ. ಎಡಗೈಯ ಉಂಗುರದ ಬೆರಳಿನ ಉಗುರು ಕಿತ್ತು, ತುದಿಯ ಮೂಳೆ ಬಿರುಕು ಬಿಟ್ಟಿತ್ತು. ರಟ್ಟಿನ ರಾಶಿಯ ಮೇಲೆ ಕೂರಿಸಿ ಯಾರೋ ಟವೆಲ್ ಸುತ್ತಿದ್ದರು. ಯಜಮಾನ ಹೆದರಿದ್ದ, ಹೆದರಿದವರು ಬೈಯುವ ಹಾಗೆ ಬೈಯುತ್ತಿದ್ದ. ದೀಪ ಹಸಿರಾಗುವ ಮೊದಲೇ ಗುಂಡಿ ಒತ್ತಿದ್ದಾಳೆ, ಕರೆಂಟ್ ಹೋಗಿ ಹೊತ್ತಾಯಿತೆಂದು ಆತುರ ಮಾಡಿದ್ದಾಳೆ ಎಂದು ಎಲ್ಲರಿಗೂ ಹೇಳುತ್ತಿದ್ದ.

ಅವಳು ಇವನನ್ನು ಕಂಡಳು. ಮುಖ ಬಿಳಿಚಿತ್ತು. "ಭಾವ, ಹಸಿರಾಗಿತ್ತು ಅಂತ್ಲೇ ನನಗನ್ನಿಸ್ತು. ನಾನೇ ಆತುರ ಮಾಡಿದ್ನೇನೋ" ಅಂದಳು.

ನಿಧಾನಣ್ಣ ಪರದೆಯ ಹತ್ತಿರ ಹೋದ. ಮೂರನೆಯ ಮೋಟಾರಿನ ಮುಂದೆ ಹಳೆಯ ಪ್ಲಸ್ ಬಂದು ಕೂತಿತ್ತು. ಬಣ್ಣ ಕಾಣದ ಕಣ್ಣಿಗೆ ಅದು ಮಾತ್ರ ಚೆನ್ನಾಗಿ ಕಂಡಿತು. ಇಲ್ಲಿ ಅವನು ಬಾಯಿ ಬಿಡಬೇಕಿತ್ತು. ಬಾಯಿ ಬಿಡುವ ಬದಲು ಬೆರಳು ಮುಂದೆ ಹೋಯಿತು. ಪ್ಲಸ್ಸನ್ನು ಮೈನಸ್ ಮಾಡಿ, ಸೇವ್ ಒತ್ತಿದ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತಪ್ಪೊಂದನ್ನು ಸೇವ್ ಮಾಡಿದ. ಯಂತ್ರದಲ್ಲೇನಾದರೂ ದೋಷ ಇದೆಯಾ ಎಂದು ಯಜಮಾನ ಹಿಂದಿನಿಂದ ಕೇಳಿದ.

"ಈಗ ಸರಿ ಇದೆ" ಅಂದ.

ಅದು ಸುಳ್ಳಲ್ಲ ನೋಡಿ. ಅದಕ್ಕೇ ನನಗೆ ಅವನ ಮೇಲೆ ಇನ್ನೂ ಸಿಟ್ಟು.

ನಾದಿನಿಗೆ ಬೆರಳು ವಾಸಿಯಾಗುವ ತನಕ ರಜೆ, ಆಮೇಲೆ ಬರುವುದೋ ಬೇಡವೋ ನೋಡೋಣ ಎಂದು ಯಜಮಾನ ಹೇಳಿ ಕಳಿಸಿದ. ಅಂದರೆ ಬೇಡ ಎಂದೇ ಅರ್ಥ. ಆ ಜಾಗಕ್ಕೆ ಆಗಲೇ ಇನ್ನೊಬ್ಬಳನ್ನು ವಿಚಾರಿಸುತ್ತಿದ್ದ. ಅವಳು ಮನೆಯಲ್ಲಿ ಕಿಟಕಿಯ ಪಕ್ಕ ಕೂತು ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅದೇ ಗಳಿಗೆಯನ್ನು ಮತ್ತೆ ಮತ್ತೆ ನೆನೆಯುತ್ತಿದ್ದಳು. ಮೊದಲ ದಿನ ಹಸಿರಾಗಿತ್ತು ಎಂದು ಖಂಡಿತವಾಗಿ ಹೇಳುತ್ತಿದ್ದಳು. ಮೂರನೆಯ ದಿನ ಹಸಿರಾಗಿತ್ತು ಅನ್ನಿಸುತ್ತದೆ ಅಂದಳು. ವಾರದ ಹೊತ್ತಿಗೆ ಕೆಂಪೇ ಇತ್ತೇನೋ ಅನ್ನತೊಡಗಿದಳು. ನಿಧಾನಣ್ಣ ಅವಳಿಗೆ ಹಾಲು ಕಾಸಿ ಕೊಡುತ್ತಿದ್ದ, ಬ್ಯಾಂಡೇಜು ಬದಲಾಯಿಸಲು ಕರೆದುಕೊಂಡು ಹೋಗುತ್ತಿದ್ದ. ಎಂಥ ಭಾವ ಸಿಕ್ಕಿದ್ದಾನೆ ನಿನಗೆ ಎಂದು ನೆರೆಯವರು ಹೊಗಳಿದರೆ ಅವನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗುತ್ತಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಎಂಟನೆಯ ದಿನ ಸಂಜೆ ಅವಳು ಅಕ್ಕನ ದಾರದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಎಂದು ಉಂಡೆಗಳನ್ನು ಬೇರೆ ಮಾಡುತ್ತಿದ್ದಳು. ಏನೇ ಇದು ಎಂದು ಅಕ್ಕ ಕೇಳಿದಳು.

"ನನ್ನ ಕಣ್ಣೇ ಸರಿಯಿಲ್ಲ ಅನ್ಸುತ್ತೆ ಅಕ್ಕ. ಪರೀಕ್ಷೆ ಮಾಡ್ಕೋತಿದೀನಿ. ನಾಳೆ ಡಾಕ್ಟರಿಗೆ ತೋರಿಸ್ತೀನಿ."

ನಿಧಾನಣ್ಣ ಬಾಗಿಲಲ್ಲಿ ನಿಂತಿದ್ದ. ಆ ಉಂಡೆಗಳನ್ನು ಅವಳು ಸರಿಯಾಗಿ ವಿಂಗಡಿಸಿದ್ದಾಳೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಒಳಗೆ ಬಂದು ಟೂಲ್ ಪೆಟ್ಟಿಗೆ ಎಳೆದು, ತಳದಲ್ಲಿದ್ದ ಚೀಟಿಯನ್ನು ತೆಗೆದು ಅವಳ ತೊಡೆಯ ಮೇಲಿನ ಡಬ್ಬಿಯೊಳಗೆ ಹಾಕಿದ. ಕಣ್ಣು ಸರಿಯಿಲ್ಲದವನು ತಾನು, ಅವಳಲ್ಲ ಎಂದ. ಎಂಟು ಎಳೆಯ ಕಥೆ, ಅಡ್ಡದಾರಿ, ಒತ್ತದ ಸೇವ್, ಆಮೇಲೆ ಒತ್ತಿದ ಸೇವ್, ಎಲ್ಲವನ್ನೂ ಹೇಳಿದ. ಮೊದಲ ದಿನ ಅವಳು ಹೇಳಿದ್ದೇ ನಿಜ, ದೀಪ ಹಸಿರಾಗೇ ಇತ್ತು ಎಂದ. ನಾದಿನಿ ಉಂಡೆಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ಮಾತಾಡಿದವಳು ಹೆಂಡತಿ.

"ಕಣ್ಣು ಹೋದ್ರೆ ಹೋಗ್ಲಿ, ನಾನು ಹೊಲಿದು ಅನ್ನ ಹಾಕ್ತಿದ್ದೆ. ಅವಳ ಕಣ್ಣನ್ನ ಅವಳೇ ನಂಬದ ಹಾಗೆ ಮಾಡಿದ್ರಲ್ಲ ರೀ, ಎಂಟು ದಿನ. ಅದನ್ನ ಎಲ್ಲಿಂದ ತಂದ್ಕೊಡ್ತೀರಿ?"

ಮರುದಿನ ಬೆಳಗ್ಗೆ ಅವನು ಯಜಮಾನನ ಮುಂದೆ ನಿಂತು ಎಲ್ಲ ಒಪ್ಪಿಕೊಂಡ. ಬೈಗುಳದ ವಿವರ ಬೇಡ, ತಿನ್ನಬೇಕಾದ್ದನ್ನೇ ತಿಂದ. ಅವಳ ಜಾಗ ಅವಳಿಗೇ ಉಳಿಯಿತು, ಚಿಕಿತ್ಸೆಯ ಖರ್ಚೂ ಕಾರ್ಖಾನೆಯದೆಂದು ಆಯಿತು. ಇವನಿಗೆ ಸಿಕ್ಕಿದ್ದು ಒಂದೇ ಮಾತು. ಆ ವೈರನ್ನು ಸರಿಮಾಡಿಕೊಟ್ಟು ಹೋಗು, ಇನ್ನು ಮೇಲೆ ನನ್ನ ಪ್ಯಾನೆಲ್ ಮುಟ್ಟಬೇಡ. ಈ ಸುದ್ದಿ ಉಳಿದ ಕಾರ್ಖಾನೆಗಳಿಗೆ ತಲುಪಲು ಒಂದು ವಾರ ಸಾಕು ಎಂದು ಇಬ್ಬರಿಗೂ ಗೊತ್ತಿತ್ತು.

ಬಣ್ಣ ಹೇಳಲು ಬೇರೆ ಯಾರನ್ನಾದರೂ ಕೊಡುತ್ತೇನೆ ಎಂದು ಯಜಮಾನ ಹೇಳಿದ್ದ. ಆದರೆ ಸೇವ್ ಆದ ಮೈನಸ್ಸಿನ ಮೇಲೇ ಯಂತ್ರ ಓಡುತ್ತಿದ್ದದ್ದರಿಂದ ಆ ಕೆಲಸ ಮುಂದಕ್ಕೆ ಹೋಯಿತು. ಬೆರಳು ಕೂಡಿದೆ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದ ದಿನ ನಾದಿನಿ ತಾನೇ ಬಂದು ಪ್ಯಾನೆಲ್ಲಿನ ಮುಂದೆ ಕೂತಳು. ಮೂರು ವಾರದಿಂದ ಭಾವನ ಜೊತೆ ಅವಳಾಡಿದ್ದು ಬೇಕು ಬೇಡ ಅನ್ನುವಷ್ಟೇ. ಅವನು ಯಾವ ಬಣ್ಣ ಯಾವ ತೂತಿಗೆ ಎಂದು ಬಾಯಲ್ಲಿ ಹೇಳಿದ, ಅವಳು ಎಂಟೂ ಎಳೆಗಳನ್ನು ಬಿಚ್ಚಿ ಮತ್ತೆ ಬಿಗಿದಳು. ಒಂದು ಬೆರಳು ಸೆಟೆದುಕೊಂಡಿದ್ದರಿಂದ ಹೊತ್ತು ಹಿಡಿಯಿತು. ಅವನು ಕಂಟ್ರೋಲರಿನಲ್ಲಿ ಮೈನಸ್ ತೆಗೆದು ಪ್ಲಸ್ ಮಾಡಿದ, ದಂಡವನ್ನು ಕೈಯಿಂದ ತಿರುಗಿಸಿದ. ಮುಂದಕ್ಕೆ ತಿರುಗಿಸಿದರೆ ಅಂಕಿ ಏರಿತು, ಹಿಂದಕ್ಕೆ ತಿರುಗಿಸಿದರೆ ಇಳಿಯಿತು. ಸೇವ್ ಒತ್ತಿ, ಅಂಗಿಯ ತೋಳು ಮಡಚಿ, ಕೈಯನ್ನು ಪಟ್ಟಿಯ ಮುಂದೆ ಇಡಲು ಹೋದ.

ಅವಳು ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದಳು. "ವೈರ್ ಹಾಕಿದ್ದು ನಾನು."

ಅವನು ಬೇಡ ಅಂದ. ಹೇಳಿಕೊಟ್ಟವನು ತಾನು, ಲೆಕ್ಕ ತನ್ನದೇ ಅಂದ. ನಿಯಮಕ್ಕೆ ಅರ್ಥ ಹೇಳಿದ, ಅಡ್ಡ ಅರ್ಥವನ್ನೂ ಹೇಳಿದ. ಅವಳು ಕೇಳಿಸಿಕೊಳ್ಳುತ್ತಲೇ ಎಡಗೈಯನ್ನು, ಪೆಟ್ಟು ಬಿದ್ದ ಆ ಕೈಯನ್ನೇ, ಪಟ್ಟಿಯ ಮುಂದೆ ಇಟ್ಟಳು. ಯಂತ್ರದಲ್ಲಿ ವೇಗವನ್ನೂ ಬಲವನ್ನೂ ಅವನು ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಕಡಿಮೆ ಮಾಡಿದ. ಒಂದು ಕೈ ತುರ್ತು ನಿಲುಗಡೆಯ ಗುಂಡಿಯ ಮೇಲಿಟ್ಟು, ಇನ್ನೊಂದರಿಂದ ಓಟದ ಗುಂಡಿ ಒತ್ತಿದ. ಪಟ್ಟಿ ತೆವಳಿಕೊಂಡು ಬಂತು. ಅವಳ ಸೊಟ್ಟ ಬೆರಳಿಗೆ ಒಂದಿಂಚು ಹಿಂದೆ ನಿಂತಿತು.

ನಿಧಾನಣ್ಣ ಪ್ಯಾನೆಲ್ಲಿನ ಬಾಗಿಲು ಮುಚ್ಚಲು ಹೋದ.

"ಭಾವ, ಸೇವ್ ಒತ್ತಿದ್ರಾ?"

"ಒತ್ತಿದೆ ಮರಿ."

ಅವಳು ಪಟ್ಟಿಯ ಮುಂದಿನಿಂದ ಕೈ ತೆಗೆದಳು. "ಮೇನ್ ಆಫ್ ಮಾಡಿ ಮತ್ತೆ ಹಾಕಿ. ಇನ್ನೊಂದು ಸಲ ನೋಡೋಣ."

ಮೂವತ್ತೊಂದು ವರ್ಷದಲ್ಲಿ ನಿಧಾನಣ್ಣನ ಕೆಲಸವನ್ನು ಯಾರೂ ಹೀಗೆ ಪರೀಕ್ಷೆಗೆ ಹಚ್ಚಿರಲಿಲ್ಲ. ಕಪಾಳಕ್ಕೆ ಕೊಟ್ಟ ಹಾಗಾಯಿತು. ಇದನ್ನು ತಾನೇ ಮಾಡಬೇಕಿತ್ತು, ತನ್ನ ಗುರುವಿನ ನಿಯಮದಲ್ಲಿ ಇದೊಂದು ಇರಲಿಲ್ಲ ಎಂದೂ ಹೊಳೆಯಿತು. ಮೇನ್ ಎಳೆದ. ಪ್ಯಾನೆಲ್ಲಿನ ಸಣ್ಣ ಫ್ಯಾನು ಸುತ್ತಿ ಸುತ್ತಿ ನಿಂತಿತು. ಹತ್ತರ ತನಕ ಎಣಿಸಿ ಮತ್ತೆ ಹಾಕಿದ. ಪರದೆ ಬೆಳಗಿತು. ಅಷ್ಟರಲ್ಲಿ ಅವಳು ಕೈ ಇಟ್ಟಾಗಿತ್ತು. ಅವನು ಗುಂಡಿಯ ಮೇಲೆ ಬೆರಳಿಟ್ಟು ತಲೆಯ ಮೇಲಿನ ದೀಪವನ್ನು ನೋಡಿದ. ದೀಪ ಉರಿಯುತ್ತಿತ್ತು, ಯಾವ ಬಣ್ಣದಲ್ಲಿ ಎಂದು ಅವನಿಗೆ ಗೊತ್ತಾಗಲಿಲ್ಲ. ನಾದಿನಿ ಅವನ ಮುಖ ನೋಡಲಿಲ್ಲ, ದೀಪವನ್ನೇ ನೋಡುತ್ತಿದ್ದಳು.

"ಹಸಿರಾಯ್ತು" ಅಂದಳು. "ಒತ್ತಿ."